ದೇವರ ಹುಂಡಿಯ ಲೆಕ್ಕ ಯಾರಿಗೆ ಒಪ್ಪಿಸಬೇಕು?

ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿರುವ ಗಾಳಿ ಆಂಜನೇಯಸ್ವಾಮಿ ದೇವಸ್ಥಾನವನ್ನು ರಾಜ್ಯ ಸರ್ಕಾರ 2025ರ ಜುಲೈ ತಿಂಗಳಲ್ಲಿ ಮುಜರಾಯಿ ಇಲಾಖೆಯ ವಶಕ್ಕೆ ತೆಗೆದುಕೊಂಡಿತು. ಇದು ವ್ಯಾಸರಾಯರು ಪ್ರತಿಷ್ಠಾಪಿಸಿದ ಆಂಜನೇಯ ಎಂಬ ಪ್ರತೀತಿಯಿದೆ. ಮೂಡಲಪಾಳ್ಯ, ವಿಜಯನಗರ, ನಾಯಂಡಹಳ್ಳಿ, ಕೆಂಗೇರಿಯ ಕಡೆಯ ಸಾವಿರಾರು ಮನೆಗಳಿಗೆ ಶನಿವಾರದ ದೇವಸ್ಥಾನ ಇದೇ. ಕಾಣಿಕೆಯ ಹಣ ದುರುಪಯೋಗವಾಗಿದೆ ಎಂಬ ಆರೋಪ, ಹಣ ಎಣಿಸುವ ವೇಳೆ ಕಳವು ನಡೆಯಿತು ಎನ್ನುವ ವಿಡಿಯೊ, ಅದರ ಬೆನ್ನಿಗೆ ಸರ್ಕಾರದ ಆದೇಶ, ಆದೇಶ ಜಾರಿ ಮಾಡಲು ಬಂದ ಅಧಿಕಾರಿಗಳು ಮತ್ತು ಪೊಲೀಸರು. ಮರುದಿನದಿಂದ ಚರ್ಚೆ ಎರಡು ಹೋಳಾಯಿತು. ಸರ್ಕಾರದ ಕಣ್ಣು ಹಿಂದೂ ದೇವಸ್ಥಾನಗಳ ಮೇಲೆ ಮಾತ್ರ ಬೀಳುತ್ತದೆ ಎಂದು ಒಂದು ಕಡೆಯವರು ಸಿಟ್ಟಾದರು. ಕಳ್ಳತನದ ಆರೋಪ ಬಂದಮೇಲೆ ಸರ್ಕಾರ ಕೈಕಟ್ಟಿ ಕೂರಬೇಕಿತ್ತೇ ಎಂದು ಇನ್ನೊಂದು ಕಡೆಯವರು ಕೇಳಿದರು. ಎರಡು ಮಾತಿನಲ್ಲೂ ಸತ್ಯಾಂಶವಿದೆ. ಆದರೆ ಇಬ್ಬರೂ ದಾಟಿಹೋದ ಪ್ರಶ್ನೆಯೊಂದಿದೆ: ಆ ಹುಂಡಿಯಲ್ಲಿ ಬಿದ್ದ ಹಣ ಯಾರದು, ಅದರ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸಬೇಕು?

ಸಂಪ್ರದಾಯ ಉಳಿಯಬೇಕು, ದೇವಸ್ಥಾನ ದೇವಸ್ಥಾನವಾಗಿಯೇ ಇರಬೇಕು ಎಂದು ಬಯಸುವವರ ಸಾಲಿನಲ್ಲಿ ನಿಂತೇ ನಾನು ಇದನ್ನು ಬರೆಯುತ್ತಿದ್ದೇನೆ. ದೇವಸ್ಥಾನಗಳು ಸರ್ಕಾರದ ಹಿಡಿತದಿಂದ ಹೊರಬರಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ ಆ ಬೇಡಿಕೆಯನ್ನು ಇಡುತ್ತಿರುವ ಬಹುಪಾಲು ಜನ ಅದನ್ನು ಹಕ್ಕಿನ ಮಾತಾಗಿ, ಅದರಲ್ಲೂ ಚುನಾವಣೆಯ ಮಾತಾಗಿ ಆಡುತ್ತಿದ್ದಾರೆ. ಅದು ಮೊದಲು ಕರ್ತವ್ಯದ ಮಾತಾಗಬೇಕು. ಲೆಕ್ಕ ಒಪ್ಪಿಸುವುದು ಧರ್ಮದ ಹೊರಗಿನಿಂದ ಬಂದ ಕಟ್ಟಳೆಯಲ್ಲ, ಧರ್ಮದ ಒಳಗಿನದೇ ಎಂದು ಒಪ್ಪಿಕೊಳ್ಳದ ಹೊರತು ಬಿಡುಗಡೆಯ ಬೇಡಿಕೆಗೆ ಬಲ ಬರುವುದಿಲ್ಲ. ಹುಂಡಿಯ ಹತ್ತಿರ ಬರಬೇಡ ಎಂದು ಸರ್ಕಾರಕ್ಕೆ ಹೇಳುವವರು, ಅದೇ ಸರ್ಕಾರವನ್ನು ಇತರ ಕಡೆ ನಂಬಿಕೆಯ ಕಾವಲಿಗೆ ಕರೆಯುವುದನ್ನೂ ಬಿಡಬೇಕಾಗುತ್ತದೆ.

ಕಾನೂನಿನಲ್ಲಿ ಮೊದಲ ಪ್ರಶ್ನೆಗೆ ಉತ್ತರ ಬಹಳ ಕಾಲದಿಂದ ಇದೆ. ಪ್ರತಿಷ್ಠಾಪಿತ ದೇವರು ಆಸ್ತಿ ಹೊಂದಬಲ್ಲ ವ್ಯಕ್ತಿ ಎಂದು ಪ್ರಿವಿ ಕೌನ್ಸಿಲ್ 1925ರಲ್ಲೇ ಹೇಳಿತ್ತು. 2019ರ ನವೆಂಬರ್ 9ರ ಅಯೋಧ್ಯೆ ತೀರ್ಪಿನಲ್ಲಿ ನಿವೇಶನ ದೊರೆತದ್ದೂ ರಾಮಲಲ್ಲಾ ವಿರಾಜಮಾನ್ ಎಂಬ ಕಕ್ಷಿದಾರ ದೇವರಿಗೆ. ಆ ತೀರ್ಪಿಗೆ ಸಂತೋಷಪಟ್ಟವರು ಅದರ ಅರ್ಥವನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು. ಒಡೆಯ ದೇವರಾದರೆ ಅರ್ಚಕರು ಒಡೆಯರಲ್ಲ, ಧರ್ಮದರ್ಶಿ ಒಡೆಯನಲ್ಲ, ಟ್ರಸ್ಟ್ ಮಾಡಿಕೊಂಡ ಕುಟುಂಬವೂ ಅಲ್ಲ, ಮುಜರಾಯಿ ಆಯುಕ್ತರೂ ಅಲ್ಲ. ಇವರೆಲ್ಲ ಬೇರೆಯವರ ಸೊತ್ತನ್ನು ಕಾಯಲು ನಿಂತವರು. ಕಾಯಲು ನಿಂತವನು ಕೇಳಿದಾಗ ಲೆಕ್ಕ ಕೊಡಬೇಕು. ಕೇಳುವ ಬಾಯಿ ದೇವರಿಗಿಲ್ಲದ್ದರಿಂದ ಆ ಬಾಯಿ ಭಕ್ತರದಾಗಬೇಕು.

ಇದು ಕೋರ್ಟುಗಳು ಕಲಿಸಿದ ಹೊಸ ವಿಚಾರವೇನಲ್ಲ. ಬಿ.ಎಲ್. ರೈಸ್ ಅವರ ಕಾಲದಿಂದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಅಚ್ಚಾಗುತ್ತ ಬಂದಿರುವ ದಾನಶಾಸನಗಳನ್ನು ತೆರೆದು ನೋಡಿದರೆ ನಮ್ಮ ಹಿರಿಯರು ದತ್ತಿಯ ಬಗ್ಗೆ ಎಷ್ಟು ಎಚ್ಚರವಾಗಿದ್ದರು ಎಂಬುದು ತಿಳಿಯುತ್ತದೆ. ಯಾವ ಕೆರೆಯ ಕೆಳಗಿನ ಎಷ್ಟು ಗದ್ದೆ, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಬಂದ ಹುಟ್ಟುವಳಿಯಲ್ಲಿ ನೈವೇದ್ಯಕ್ಕೆಷ್ಟು, ನಂದಾದೀಪಕ್ಕೆಷ್ಟು, ಜೀರ್ಣೋದ್ಧಾರಕ್ಕೆಷ್ಟು ಎಂಬುದನ್ನು ಕಲ್ಲಿನಲ್ಲಿ ಕೊರೆಸಿದರು. ಕೊರೆಸಿ ಒಳಗಿಡಲಿಲ್ಲ, ಓದಬಲ್ಲವರೆಲ್ಲ ಓದಲಿ ಎಂದು ಎಲ್ಲರಿಗೂ ಕಾಣುವ ಕಡೆ ನಿಲ್ಲಿಸಿದರು. ಎಷ್ಟೋ ಕಡೆ ದತ್ತಿಯ ರಕ್ಷಣೆಯನ್ನು ಊರ ಮಹಾಜನರಿಗೋ ನಗರದ ವರ್ತಕ ಸಮುದಾಯಕ್ಕೋ ಒಪ್ಪಿಸಿದರು. ಕೊನೆಯಲ್ಲಿ ಶಾಪಾಶಯ ಬರುತ್ತದೆ: ಈ ದತ್ತಿಗೆ ಅಳುಪಿದವನು ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು. ಆ ಶಾಪದಿಂದ ಯಾರಿಗೂ ವಿನಾಯಿತಿಯಿರಲಿಲ್ಲ. ತಾನು ಕೊಟ್ಟದ್ದಿರಲಿ, ಪರರು ಕೊಟ್ಟದ್ದಿರಲಿ, ಕಸಿದವನು ಅರಸನಾದರೂ ಪಾಪ ತಪ್ಪದು. ಆ ಮಹಾಜನರು ಬಹುಮಟ್ಟಿಗೆ ಅಗ್ರಹಾರದ ಬ್ರಾಹ್ಮಣರೇ ಆಗಿದ್ದರು, ಉಳಿದ ಜಾತಿಗಳಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ ಎಂಬುದನ್ನು ಮರೆಮಾಚಬೇಕಿಲ್ಲ. ಆ ವಿಚಾರಕ್ಕೆ ಮುಂದೆ ಬರುತ್ತೇನೆ. ಇಲ್ಲಿ ಗಮನಿಸಬೇಕಾದದ್ದು ಆಡಳಿತದ ಮಾದರಿಯನ್ನು. ಆಸ್ತಿ ದೇವರದು, ಪೂಜೆ ಅರ್ಚಕರದು, ಕಾವಲು ಊರಿನದು, ಲೆಕ್ಕ ಬಹಿರಂಗದ್ದು. ಸಂಪ್ರದಾಯವನ್ನು ಉಳಿಸುತ್ತೇವೆ ಎನ್ನುವವರು ಉಳಿಸಬೇಕಾದ ಸಂಪ್ರದಾಯಗಳಲ್ಲಿ ಇದೂ ಒಂದು, ಮತ್ತು ಇಂದು ಹೆಚ್ಚು ಸವೆದುಹೋಗಿರುವುದು ಇದೇ.

ಅರಸರ ಕಾಲದಲ್ಲೂ ದೇವಸ್ಥಾನಗಳ ಮೇಲೆ ರಾಜ್ಯದ ಉಸ್ತುವಾರಿ ಇತ್ತಲ್ಲ, ಈಗ ಮಾತ್ರ ಆಕ್ಷೇಪವೇಕೆ ಎಂದು ಕೇಳುವವರಿದ್ದಾರೆ. ಇತ್ತು, ನಿಜ. ಮುಜರಾಯಿ ಎಂಬ ವ್ಯವಸ್ಥೆಯೇ ಮೈಸೂರು ಸಂಸ್ಥಾನದಿಂದ ಬಂದ ಬಳುವಳಿ. 1927ರಲ್ಲಿ ಅದಕ್ಕೆ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯ್ದೆಯ ರೂಪ ಬಂತು. ಆ ಉಸ್ತುವಾರಿಯಿಂದ ಒಳ್ಳೆಯದೂ ಆಗಿದೆ: ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ಮೈಸೂರು ಸರ್ಕಾರ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ನಿಲ್ಲಿಸಿತು, ಅದೂ ಧರ್ಮನಿಷ್ಠರೆಂದು ಎಲ್ಲರೂ ಒಪ್ಪುವ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಆದರೆ ಆ ಅರಸ ದೇವರೆದುರು ತಲೆಬಾಗುವ ಭಕ್ತನೂ ಆಗಿದ್ದ, ಶಾಪಾಶಯದ ಭಯಕ್ಕೆ ಒಳಪಟ್ಟವನೂ ಆಗಿದ್ದ. ಇಂದಿನ ರಾಜ್ಯ ಸಂವಿಧಾನದ ಪ್ರಕಾರ ಯಾವ ದೇವರ ಭಕ್ತನೂ ಅಲ್ಲ, ಆಗಲೂ ಬಾರದು. ಭಕ್ತಿಯಿಲ್ಲದ ಸಂಸ್ಥೆಗೆ ಭಕ್ತಿಯ ಆಡಳಿತವನ್ನು ಕಾಯಂ ಆಗಿ ಒಪ್ಪಿಸುವುದು ರಾಜ್ಯಕ್ಕೂ ಒಪ್ಪುವುದಿಲ್ಲ, ದೇವಸ್ಥಾನಕ್ಕೂ ಒಪ್ಪುವುದಿಲ್ಲ. ಶಾಪದ ಭಯ ಇಲ್ಲದ ಕಡೆ ಉಳಿಯುವುದು ಲೆಕ್ಕಪರಿಶೋಧನೆಯ ಭಯ ಒಂದೇ. ಸರ್ಕಾರ ತನ್ನನ್ನೇ ತಾನು ಪರಿಶೋಧಿಸಿಕೊಳ್ಳುವಾಗ ಆ ಭಯ ಎಷ್ಟಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಸ್ವಾತಂತ್ರ್ಯಾನಂತರದ ಕಥೆಯನ್ನು ಚುಟುಕಾಗಿ ಹೇಳಿಬಿಡಬಹುದು. 1955ರ ಇನಾಂ ರದ್ದತಿ ಕಾಯ್ದೆ, 1974ರ ಭೂಸುಧಾರಣೆ ತಿದ್ದುಪಡಿ ಇವೆರಡರಿಂದ ದೇವಸ್ಥಾನಗಳ ಜಮೀನು ಬಹುಪಾಲು ಉಳುವವರ ಕೈ ಸೇರಿತು. ಅದರಲ್ಲಿ ನ್ಯಾಯವಿತ್ತು ಎಂದೇ ನನ್ನ ಅಭಿಪ್ರಾಯ. ಜಮೀನು ಹೋದ ಮೇಲೆ ದೀಪ ಆರಬಾರದೆಂದು ಸರ್ಕಾರ ತಸ್ತೀಕು ಎಂಬ ವಾರ್ಷಿಕ ನೆರವನ್ನು ಕೊಡುತ್ತ ಬಂತು. ಸಣ್ಣ ದೇವಸ್ಥಾನಗಳಿಗೆ ವರ್ಷಕ್ಕೆ 60 ಸಾವಿರ ರೂಪಾಯಿ ಇದ್ದದ್ದನ್ನು 2025ರ ಬಜೆಟ್‌ನಲ್ಲಿ 72 ಸಾವಿರಕ್ಕೆ ಏರಿಸಲಾಯಿತು. ಅಂದರೆ ತಿಂಗಳಿಗೆ 6 ಸಾವಿರ. ಇಂದು ರಾಜ್ಯದಲ್ಲಿ ಮುಜರಾಯಿ ಇಲಾಖೆಗೆ ಸೇರಿದ ದೇವಸ್ಥಾನಗಳು ಸುಮಾರು 34 ಸಾವಿರ. ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಆದಾಯವಿರುವ ‘ಎ’ ವರ್ಗದವು ಇನ್ನೂರರ ಆಸುಪಾಸು. ಉಳಿದ ಬಹುತೇಕವೆಲ್ಲ 5 ಲಕ್ಷದೊಳಗಿನ ‘ಸಿ’ ವರ್ಗದವು. ವರ್ಷದ ಆದಾಯ ನೂರು ಕೋಟಿ ದಾಟಿರುವ ಕುಕ್ಕೆ ಸುಬ್ರಹ್ಮಣ್ಯವೂ, ಎಣ್ಣೆಬತ್ತಿಗೆ ಪರದಾಡುವ ಹಳ್ಳಿಯ ಗುಡಿಯೂ ಒಂದೇ ಇಲಾಖೆಯ ಕಡತಗಳಲ್ಲಿವೆ.

ಈಗ ಜಾರಿಯಲ್ಲಿರುವುದು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ. ಜಾರಿಗೆ ಬಂದದ್ದು 2003ರಲ್ಲಿ. ಮಠಗಳನ್ನು ಹೊರಗಿಟ್ಟು, ಇತರ ಹಲವು ಸಂಸ್ಥೆಗಳನ್ನೂ ಹೊರಗಿಟ್ಟು ಕೆಲವು ದೇವಸ್ಥಾನಗಳನ್ನು ಮಾತ್ರ ಕಟ್ಟಿಹಾಕುವುದು ತಾರತಮ್ಯ ಎಂದು ರಾಜ್ಯ ಹೈಕೋರ್ಟ್ 2006ರಲ್ಲಿ ಇದನ್ನು ಅಸಿಂಧುಗೊಳಿಸಿತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಆಮೇಲೆ ತಿದ್ದುಪಡಿಗಳಾದವು, ಕಾಯ್ದೆ ಉಳಿಯಿತು. ಕಾಗದದ ಮೇಲೆ ಅದು ಕೆಟ್ಟ ಕಾಯ್ದೆಯಲ್ಲ. ಪ್ರತಿ ದೇವಸ್ಥಾನಕ್ಕೆ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ, ಅದರಲ್ಲಿ ಅರ್ಚಕರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ಮಹಿಳೆಯರು, ಸ್ಥಳೀಯರು ಇರಬೇಕು ಎನ್ನುತ್ತದೆ. ಈ ಅಂಶವನ್ನು ಯಾವ ಸುಧಾರಣೆಯೂ ಕೈಬಿಡಬಾರದು. ಆದರೆ ಸಮಿತಿಯನ್ನು ಆರಿಸುವವರು ಭಕ್ತರಲ್ಲ. ನೇಮಕ ಮೇಲಿನಿಂದ ಬರುತ್ತದೆ. ಸರ್ಕಾರ ಬದಲಾದಾಗ ಸಮಿತಿಗಳ ಬಣ್ಣ ಬದಲಾಗುವುದನ್ನು ರಾಜ್ಯ ಎಲ್ಲ ಪಕ್ಷಗಳ ಆಳ್ವಿಕೆಯಲ್ಲೂ ನೋಡಿದೆ. 2024ರ ಫೆಬ್ರುವರಿಯಲ್ಲಿ ಬಂದ ತಿದ್ದುಪಡಿ ಮಸೂದೆ ಒಂದು ಕೋಟಿಗಿಂತ ಹೆಚ್ಚು ಆದಾಯದ ದೇವಸ್ಥಾನಗಳಿಂದ ಶೇ 10ರಷ್ಟನ್ನು, 10 ಲಕ್ಷದಿಂದ ಒಂದು ಕೋಟಿಯವರೆಗಿನವುಗಳಿಂದ ಶೇ 5ರಷ್ಟನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಪಡೆಯಲು ಹೊರಟಿತು. ಸಮಿತಿಯ ಅಧ್ಯಕ್ಷರ ನೇಮಕವನ್ನೂ ಮೇಲಿನವರ ಕೈಗೆ ಕೊಡಲು ನೋಡಿತು. ವಿಧಾನ ಪರಿಷತ್ತಿನಲ್ಲಿ ಅದು ಮೊದಲ ಸಲ ಬಿದ್ದುಹೋಯಿತು, ಎರಡನೆಯ ಸಲ ಅಂಗೀಕಾರವಾಯಿತು, ರಾಜ್ಯಪಾಲರು ಸ್ಪಷ್ಟನೆ ಕೇಳಿ ಹಿಂತಿರುಗಿಸಿದರು. ಗದ್ದಲವೆಲ್ಲ ಶೇಕಡಾವಾರಿನ ಸುತ್ತ ನಡೆಯಿತು. ಅಧ್ಯಕ್ಷರನ್ನು ಯಾರು ಆರಿಸಬೇಕು ಎಂಬ ಹೆಚ್ಚು ಗಂಭೀರವಾದ ವಿಷಯಕ್ಕೆ ಚರ್ಚೆಯಲ್ಲಿ ಸಿಕ್ಕ ಜಾಗ ಕಡಿಮೆ.

ಈ ಜಗಳಕ್ಕೆ ಎಪ್ಪತ್ತು ವರ್ಷ ಹಿಂದಿನ ಮೂಲವೊಂದಿದೆ. ಅದೂ ನಮ್ಮ ಉಡುಪಿಯದೇ. ಶೀರೂರು ಮಠ ಪರ್ಯಾಯದ ಖರ್ಚಿನಿಂದ ಸಾಲಕ್ಕೆ ಸಿಲುಕಿದಾಗ, ಆಗ ದಕ್ಷಿಣ ಕನ್ನಡವನ್ನು ಆಳುತ್ತಿದ್ದ ಮದ್ರಾಸು ಸರ್ಕಾರದ ಧರ್ಮಾದಾಯ ಮಂಡಳಿ ಮಠದ ಆಡಳಿತಕ್ಕೆ ಕೈಹಾಕಿತು. ಲಕ್ಷ್ಮೀಂದ್ರ ತೀರ್ಥ ಸ್ವಾಮೀಜಿ ನ್ಯಾಯಾಲಯಕ್ಕೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು; ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಭಾರತದಲ್ಲಿ ಮುಂದೆ ನಡೆದ ಬಹುತೇಕ ಎಲ್ಲ ವ್ಯಾಜ್ಯಗಳಿಗೂ ಅದೇ ಆಧಾರವಾಯಿತು. ಧರ್ಮ ಎಂದರೆ ನಂಬಿಕೆ ಮಾತ್ರವಲ್ಲ, ಆಚರಣೆಯೂ ಹೌದು. ಯಾವ ಆಚರಣೆ ಧರ್ಮಕ್ಕೆ ಅವಶ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದಿತು ಕೋರ್ಟು. ಮಂಡಳಿಯ ವೆಚ್ಚಕ್ಕೆಂದು ವರ್ಷವರ್ಷ ವಸೂಲಿ ಮಾಡುತ್ತಿದ್ದ ಹಣ ಶುಲ್ಕವಲ್ಲ, ತೆರಿಗೆ ಎಂದು ಹೇಳಿ ಅದನ್ನು ತಳ್ಳಿಹಾಕಿತು. ಆದರೆ ಆಸ್ತಿಯ ಲೌಕಿಕ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು ಎಂಬುದನ್ನೂ ಅದೇ ತೀರ್ಪು ಹೇಳಿದೆ. ಬಿಡುಗಡೆ ಕೇಳುವವರು ಮೊದಲ ಎರಡು ಮಾತನ್ನು ಎತ್ತಿ ಆಡುತ್ತಾರೆ, ಮೂರನೆಯದನ್ನು ಬಿಟ್ಟುಬಿಡುತ್ತಾರೆ. 1954ರ ವ್ಯಾಜ್ಯವೂ 2025ರ ಬ್ಯಾಟರಾಯನಪುರದ ವಿವಾದವೂ ಶುರುವಾದದ್ದು ಹಣಕಾಸಿನ ವಿಚಾರದಿಂದಲೇ ಎಂಬುದನ್ನು ಮರೆಯಬಾರದು. ಒಳಗೆ ಲೆಕ್ಕ ಕೆಟ್ಟಾಗಲೇ ಹೊರಗಿನವರು ಬಾಗಿಲಿಗೆ ಬಂದಿದ್ದಾರೆ.

ಸಂಪ್ರದಾಯದ ಪಕ್ಷಪಾತಿಗಳೇ ಅಧಿಕಾರದಲ್ಲಿದ್ದಾಗ ಏನಾಯಿತು? 2021ರ ಡಿಸೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ನಡೆದ ತಮ್ಮ ಪಕ್ಷದ ಕಾರ್ಯಕಾರಿಣಿಯಲ್ಲಿ ದೇವಸ್ಥಾನಗಳನ್ನು ಸರ್ಕಾರದ ನಿಯಂತ್ರಣದಿಂದ ಮುಕ್ತಗೊಳಿಸುವ ಕಾನೂನು ತರುವುದಾಗಿ ಘೋಷಿಸಿದರು. 2023ರ ಮೇ ತಿಂಗಳಲ್ಲಿ ಚುನಾವಣೆ ಮುಗಿದು ಸರ್ಕಾರ ಹೋಗುವವರೆಗೂ ಆ ಕಾನೂನು ಬರಲಿಲ್ಲ. ಅದೇ ಪಕ್ಷದ ಆಳ್ವಿಕೆಯಲ್ಲಿ ಮತಾಂತರದ ಮೇಲಿನ ಕಾಯ್ದೆ ಬಂತು, ಗೋಹತ್ಯೆ ನಿಷೇಧದ ಕಾಯ್ದೆ ಬಂತು, ನಂಜನಗೂಡು ತಾಲ್ಲೂಕಿನಲ್ಲಿ ಗುಡಿಯೊಂದನ್ನು ಕೆಡವಿದ ಬೆನ್ನಿಗೆ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಯ ಕಾಯ್ದೆಯೂ ಬಂತು. ಹಾಗಾಗಿ ಸಮಯ ಸಾಲಲಿಲ್ಲ ಎನ್ನುವಂತಿಲ್ಲ. ನೇಮಕ ಮಾಡುವ ಅಧಿಕಾರವನ್ನು ಬಿಟ್ಟುಕೊಡಲು ಯಾವ ಸರ್ಕಾರಕ್ಕೂ ಮನಸ್ಸಾಗುವುದಿಲ್ಲ. ತಮ್ಮವರ ಸರ್ಕಾರ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ ಭಕ್ತರು ಇದನ್ನು ಅರಗಿಸಿಕೊಳ್ಳಬೇಕು.

ಗೋಕರ್ಣದ ಅನುಭವ ಇನ್ನೊಂದು ಬಗೆಯ ಪಾಠ. 2008ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಮಹಾಬಲೇಶ್ವರ ದೇವಸ್ಥಾನವನ್ನು ಮುಜರಾಯಿ ಪಟ್ಟಿಯಿಂದ ಕೈಬಿಟ್ಟು ರಾಮಚಂದ್ರಾಪುರ ಮಠಕ್ಕೆ ಒಪ್ಪಿಸಿತು. ಸರ್ಕಾರದಿಂದ ಬಿಡುಗಡೆ ಎಂದರೆ ಇದೇ ಎಂದು ಹಲವರು ಸಂತೋಷಪಟ್ಟರು. ಆದರೆ ಊರಿನ ಉಪಾಧಿವಂತ ಅರ್ಚಕರಲ್ಲೇ ಹಲವರಿಗೆ ಅದು ಒಪ್ಪಿಗೆಯಾಗಲಿಲ್ಲ. ಹತ್ತು ವರ್ಷ ವ್ಯಾಜ್ಯ ನಡೆಯಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಹಸ್ತಾಂತರವನ್ನು ರದ್ದುಮಾಡಿತು. 2021ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ವ್ಯವಸ್ಥೆಯಾಗಿ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಯನ್ನು ಉಸ್ತುವಾರಿಗೆ ನೇಮಿಸಿತು. ಈ ವ್ಯಾಜ್ಯದಲ್ಲಿ ಯಾರದು ಸರಿ ಎಂದು ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. ಒಂದು ಕೈಯಿಂದ ಬಿಡಿಸಿ ಇನ್ನೊಂದು ಕೈಗೆ ಕೊಟ್ಟರೆ ದೇವಸ್ಥಾನ ಬಿಡುಗಡೆಯಾಗುವುದಿಲ್ಲ, ಅಷ್ಟೇ. ಊರಿನ ಒಪ್ಪಿಗೆಯಿಲ್ಲದೆ ಮೇಲಿನಿಂದ ಬಂದ ಆದೇಶ ವಶಪಡಿಸಿಕೊಳ್ಳುವುದಕ್ಕಿರಲಿ, ಬಿಟ್ಟುಕೊಡುವುದಕ್ಕಿರಲಿ, ಎರಡೂ ಒಂದೇ ಬಗೆಯ ಆದೇಶ.

ಇನ್ನು ನಮ್ಮವರ ಅಸಂಗತಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದದಲ್ಲಿ ರಾಜ್ಯ ಹೈಕೋರ್ಟ್ 2022ರ ಮಾರ್ಚ್ 15ರಂದು, ಹಿಜಾಬ್ ಇಸ್ಲಾಮಿಗೆ ಅವಶ್ಯವಾದ ಆಚರಣೆಯಲ್ಲ ಎಂದು ತೀರ್ಪು ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಶಾಲೆಯ ಸಮವಸ್ತ್ರದ ಬಗ್ಗೆ ಯಾರ ನಿಲುವು ಏನೇ ಇರಲಿ, ಮುಸಲ್ಮಾನ ಹೆಣ್ಣುಮಗಳಿಗೆ ಅವಳ ಧರ್ಮದಲ್ಲಿ ಯಾವುದು ಅವಶ್ಯ ಎಂದು ಸರ್ಕಾರಿ ವಕೀಲರು ಗ್ರಂಥ ಬಿಡಿಸಿ ವಾದಿಸಿದಾಗ ಸಂಪ್ರದಾಯಸ್ಥರಲ್ಲಿ ಹೆಚ್ಚಿನವರಿಗೆ ಅದು ತಪ್ಪೆನಿಸಲಿಲ್ಲ. ಆ ವಾದದ ಬೇರು ಇರುವುದು ಶೀರೂರು ಮಠದ ತೀರ್ಪಿನಲ್ಲಿ. ಮಠವನ್ನು ರಕ್ಷಿಸಿದ ಸೂತ್ರವೇ ಬರಬರುತ್ತ ಯಾವ ಆಚರಣೆ ಬೇಕು, ಯಾವುದು ಬೇಡ ಎಂದು ನ್ಯಾಯಾಲಯ ಆರಿಸಿಕೊಡುವ ಸೂತ್ರವಾಯಿತು. ಇಂದು ಅದು ನೆರೆಯವರ ಆಚರಣೆಯನ್ನು ತೂಗಿದೆ; ಅದೇ ತಕ್ಕಡಿಯಲ್ಲಿ ನಾಳೆ ನಮ್ಮ ಉತ್ಸವ, ವ್ರತ, ಪೂಜಾಕ್ರಮವೂ ಕೂರಬೇಕಾಗುತ್ತದೆ. ಮತಾಂತರದ ಕಾಯ್ದೆಯೂ ಹೀಗೆಯೇ. ಒಬ್ಬ ಮನುಷ್ಯ ತನ್ನ ಧರ್ಮ ಬದಲಿಸಬೇಕಾದರೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು, ಅಧಿಕಾರಿ ಅದರ ವಿಚಾರಣೆ ನಡೆಸಬೇಕು ಎನ್ನುತ್ತದೆ 2022ರ ಕಾನೂನು. ಬಲವಂತ, ವಂಚನೆ ಖಂಡಿತ ಶಿಕ್ಷಾರ್ಹ. ಆದರೆ ಹುಂಡಿಯ ನಾಣ್ಯ ಎಣಿಸಲು ತಹಸೀಲ್ದಾರರು ಬರಬಾರದು ಎನ್ನುವವರು, ಮನಸ್ಸಾಕ್ಷಿಯನ್ನು ಅಳೆಯಲು ಜಿಲ್ಲಾಧಿಕಾರಿ ಬರಲಿ ಎನ್ನುವುದು ಹೇಗೆ? ರಾಜ್ಯ ಧರ್ಮದ ಒಳಮನೆಗೆ ಬರಬಾರದು ಎಂಬುದು ತತ್ತ್ವವಾದರೆ ಅದು ಎಲ್ಲರ ಮನೆಗೂ ಅನ್ವಯಿಸಬೇಕು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಬಲವಾದದ್ದು ಜಾತಿಯದು. ಸರ್ಕಾರ ಮತ್ತು ಕಾನೂನು ಮಧ್ಯೆ ಬರದಿದ್ದರೆ ದಲಿತರು ಎಷ್ಟೋ ದೇವಸ್ಥಾನಗಳ ಹೊಸ್ತಿಲು ದಾಟುತ್ತಲೇ ಇರಲಿಲ್ಲ ಎಂಬ ಮಾತು ಅಕ್ಷರಶಃ ನಿಜ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣವೇ ಸಾಕ್ಷಿ. ದೇವಸ್ಥಾನ ಗೌಡ ಸಾರಸ್ವತ ಸಮುದಾಯದ್ದು, ಪ್ರವೇಶ ಯಾರಿಗೆ ಎಂಬುದು ಸಮುದಾಯದ ಹಕ್ಕು ಎಂಬ ವಾದವನ್ನು ಸುಪ್ರೀಂ ಕೋರ್ಟ್ 1957ರ ನವೆಂಬರ್‌ನಲ್ಲಿ ಇತ್ಯರ್ಥಪಡಿಸಿತು. ದೇವಸ್ಥಾನ ಆ ಪಂಗಡದ್ದೇ ಎಂದು ಒಪ್ಪಿತು. ಆದರೂ ಹಿಂದೂಗಳ ಎಲ್ಲ ವರ್ಗಕ್ಕೂ ಬಾಗಿಲು ತೆರೆಯುವ ಸಂವಿಧಾನದ 25ನೆಯ ವಿಧಿ ಅದಕ್ಕಿಂತ ಮೇಲು ಎಂದಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಸಮುದಾಯಕ್ಕೆ ಉಳಿಸಿಕೊಟ್ಟಿತು. ಈ ತೀರ್ಪನ್ನು ಸಂಪ್ರದಾಯದ ಸೋಲು ಎಂದು ಯಾರಾದರೂ ತಿಳಿದರೆ ಅವರೊಂದಿಗೆ ನನಗೆ ಸಹಮತವಿಲ್ಲ. ಕನ್ನಡದ ಸಂಪ್ರದಾಯನಿಷ್ಠ ಚಿಂತಕರಲ್ಲಿ ಹೆಚ್ಚು ಓದುಗರನ್ನು ಪಡೆದ ಎಸ್.ಎಲ್. ಭೈರಪ್ಪನವರೇ ‘ದಾಟು’ ಕಾದಂಬರಿಯಲ್ಲಿ ಜಾತಿಯ ಗೋಡೆಯನ್ನು ಕಣ್ಣು ತಪ್ಪಿಸದೆ ನೋಡಿದ್ದಾರೆ. 1975ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆದರೆ ಗಮನಿಸಿ, ಮೂಲ್ಕಿಯಲ್ಲಿ ಬಾಗಿಲು ತೆರೆಸಿದ್ದು ಪ್ರವೇಶದ ಕಾನೂನು. ಹುಂಡಿಯ ಮೇಲೆ ಹಿಡಿತವಿಟ್ಟುಕೊಂಡ ಇಲಾಖೆಯಲ್ಲ. ಇವೆರಡು ಬೇರೆ ಬೇರೆ ಅಧಿಕಾರಗಳು. ಮುಜರಾಯಿ ಆಡಳಿತವಿದ್ದ ಮಾತ್ರಕ್ಕೆ ಜಾತಿ ಕರಗಿತೇ ಎಂದು ಕೇಳಿಕೊಂಡರೆ ಕುಕ್ಕೆಯ ಮಡೆಸ್ನಾನ ಉತ್ತರ ಹೇಳುತ್ತದೆ. ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಜನ ಉರುಳುವ ಆ ಪದ್ಧತಿ ವರ್ಷಗಟ್ಟಲೆ ನಡೆದದ್ದು ಇಲಾಖೆಯ ಅತ್ಯಂತ ಶ್ರೀಮಂತ ದೇವಸ್ಥಾನದಲ್ಲಿ, ಇಲಾಖೆಯ ಅಧಿಕಾರಿಗಳಿರುವಾಗಲೇ. ಅದರ ವಿರುದ್ಧ ಚಳವಳಿ ಬೇಕಾಯಿತು, ನ್ಯಾಯಾಲಯದ ಅಲೆದಾಟ ಬೇಕಾಯಿತು, 2017ರಲ್ಲಿ ಬೇರೆಯೇ ಕಾಯ್ದೆ ಬೇಕಾಯಿತು. ಹಾಗಾಗಿ ನನ್ನ ಉತ್ತರ ಇದು: ಪ್ರವೇಶದ ಹಕ್ಕನ್ನು, ಸಮಿತಿಯಲ್ಲಿ ದಲಿತರ ಮತ್ತು ಮಹಿಳೆಯರ ಸ್ಥಾನವನ್ನು ಕಾನೂನು ಇನ್ನಷ್ಟು ಬಿಗಿಯಾಗಿ ಹಿಡಿದಿರಲಿ, ಮುರಿದವರನ್ನು ಶಿಕ್ಷಿಸಲಿ. ದೈನಂದಿನ ಆಡಳಿತವನ್ನು ಬಿಡಲಿ. ಹಳೆಯ ಮಹಾಜನರ ಸಭೆಯಲ್ಲಿ ಇಲ್ಲದಿದ್ದವರೆಲ್ಲ ಇರುವ ಹೊಸ ಸಭೆಯ ಕೈಗೆ ದೇವಸ್ಥಾನ ಹೋಗಬೇಕು. ಇದಕ್ಕೆ ಒಪ್ಪದವರಿಗೆ ಬಿಡುಗಡೆ ಕೇಳುವ ನೈತಿಕ ಹಕ್ಕಿಲ್ಲ.

ಮಸೀದಿ, ಚರ್ಚುಗಳನ್ನು ಮುಟ್ಟದೆ ನಮ್ಮನ್ನು ಮಾತ್ರ ಏಕೆ ಎಂಬ ಪ್ರಶ್ನೆಯೂ ಇದೆ. ಅದರಲ್ಲಿ ನ್ಯಾಯವಾದ ಅಂಶವಿದೆ. ಹೈಕೋರ್ಟ್ 2006ರಲ್ಲಿ ಕಂಡ ತಾರತಮ್ಯವೂ ಇದಕ್ಕೆ ಹತ್ತಿರದ್ದೇ. ಆದರೆ ವಕ್ಫ್ ಮಂಡಳಿಯೂ ಕಾನೂನಿನಿಂದ ಹುಟ್ಟಿ ಸರ್ಕಾರದ ನೇಮಕದಲ್ಲಿ ನಡೆಯುವ ಸಂಸ್ಥೆ. ಪಂಜಾಬಿನ ಗುರುದ್ವಾರಗಳಿಗೆ 1925ರಿಂದ ಕಾಯ್ದೆಯಿದೆ; ಅಲ್ಲಿ ಸಮಿತಿಯನ್ನು ಸಿಖ್ಖರೇ ಮತ ಹಾಕಿ ಆರಿಸುತ್ತಾರೆ. ನಾವು ನೋಡಬೇಕಾದದ್ದು ಆ ಮಾದರಿಯ ಕಡೆಗೆ. ಅದರ ದೋಷಗಳನ್ನು, ವಿಶೇಷವಾಗಿ ಪಕ್ಷರಾಜಕೀಯ ಅದರೊಳಗೆ ಹೊಕ್ಕ ರೀತಿಯನ್ನು ಅರಿತುಕೊಂಡೇ ನೋಡಬೇಕು. ಅವರಿಗಿಲ್ಲದ್ದು ನಮಗೇಕೆ ಎಂಬ ದಾರಿಯಲ್ಲಿ ಹೋದರೆ ಕೊನೆಗೆ ಎಲ್ಲರಿಗೂ ಸಿಗುವುದು ಒಂದೊಂದು ಇಲಾಖೆ.

ದೊಡ್ಡ ದೇವಸ್ಥಾನದ ಹಣದಿಂದ ಬಡ ಗುಡಿಗಳು ಬದುಕಬೇಕಲ್ಲವೇ ಎಂಬ ಕಾಳಜಿ ಸರಿಯಾದದ್ದು. ಒಂದು ದೇವರ ಹೆಚ್ಚುವರಿಯಿಂದ ಇನ್ನೊಂದು ದೇವರ ದೀಪ ಉರಿಯುವುದರಲ್ಲಿ ಅಧರ್ಮವಿಲ್ಲ. ಆ ನಿಧಿಯನ್ನು ಮಂತ್ರಿಗಳಿಂದ ಸ್ವತಂತ್ರವಾದ ಮಂಡಳಿಯೊಂದು ನಡೆಸಲಿ, ಯಾವ ಗುಡಿಗೆ ಎಷ್ಟು ಹೋಯಿತು ಎಂಬುದನ್ನು ಕೊಟ್ಟ ದೇವಸ್ಥಾನದ ಬಾಗಿಲಲ್ಲೇ ಬರೆದು ಹಾಕಲಿ. ಅಷ್ಟು ಮಾಡಿದರೆ ಭಕ್ತರ ಅರ್ಧ ಅನುಮಾನ ತೀರುತ್ತದೆ.

ವಶಪಡಿಸಿಕೊಳ್ಳುವ ಅಧಿಕಾರವೇ ಸರ್ಕಾರಕ್ಕೆ ಇರಬಾರದು ಎಂದು ನಾನು ಹೇಳುವುದಿಲ್ಲ. ಕಳವಿನ ಆರೋಪ ಬಂದಾಗ ತನಿಖೆಯಾಗಬೇಕು, ಅಗತ್ಯಬಿದ್ದರೆ ಆಡಳಿತವನ್ನು ತಾತ್ಕಾಲಿಕವಾಗಿ ಕೈಗೆ ತೆಗೆದುಕೊಳ್ಳಲೂಬೇಕು. ತಾತ್ಕಾಲಿಕ ಎಂಬುದಕ್ಕೆ ಅರ್ಥವಿರಬೇಕು, ಅಷ್ಟೇ. ಚಿದಂಬರದ ನಟರಾಜ ದೇವಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಜನವರಿಯಲ್ಲಿ ಇದನ್ನೇ ಹೇಳಿತು: ದುರಾಡಳಿತ ಸರಿಪಡಿಸಲು ಸರ್ಕಾರ ಬರಬಹುದು, ಸರಿಯಾದ ಮೇಲೆ ಹೊರಡಬೇಕು, ಕಾಲಮಿತಿಯಿಲ್ಲದ ಸ್ವಾಧೀನ ಸಲ್ಲದು. ನಮ್ಮ ರಾಜ್ಯದಲ್ಲಿ ಹೊರಡಿಸುವ ಪ್ರತಿಯೊಂದು ಸ್ವಾಧೀನದ ಆದೇಶದಲ್ಲೂ ಅದು ಮುಗಿಯುವ ದಿನಾಂಕ ಅಚ್ಚಾಗಿರಬೇಕು. ಅಷ್ಟರೊಳಗೆ ಭಕ್ತರ ಪಟ್ಟಿ ತಯಾರಾಗಬೇಕು, ಎಲ್ಲ ಜಾತಿಯವರೂ ಇರುವ ಸಮಿತಿಯನ್ನು ಅವರೇ ಆರಿಸಬೇಕು, ಪಕ್ಷಗಳ ಪದಾಧಿಕಾರಿಗಳು ಅದರಿಂದ ದೂರವಿರಬೇಕು, ಸ್ವತಂತ್ರ ಲೆಕ್ಕಪರಿಶೋಧಕರ ವರದಿ ಪ್ರತಿವರ್ಷ ಹೊರಬರಬೇಕು.

ಇಷ್ಟಕ್ಕೆಲ್ಲ ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಮೂಡಲಪಾಳ್ಯ, ಬಸವೇಶ್ವರನಗರ, ರಾಜಾಜಿನಗರದಂಥ ಬಡಾವಣೆಗಳಲ್ಲಿ ಬೀದಿಗೊಂದರಂತೆ ಗಣಪತಿಯ, ಮಾರಮ್ಮನ, ಆಂಜನೇಯನ ಗುಡಿಗಳಿವೆ. ಹಳ್ಳಿ ಬಿಟ್ಟು ಊರಿಗೆ ಬಂದವರು ಚಂದಾ ಎತ್ತಿ ಕಟ್ಟಿಕೊಂಡವು ಅವುಗಳಲ್ಲಿ ಎಷ್ಟೋ. ಇವುಗಳಲ್ಲಿ ಹೆಚ್ಚಿನವು ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ; ಸರ್ಕಾರ ಇಲ್ಲದಿರುವಾಗ ನಾವು ದೇವಸ್ಥಾನವನ್ನು ಹೇಗೆ ನಡೆಸುತ್ತೇವೆ ಎಂಬುದಕ್ಕೆ ಪರೀಕ್ಷೆ ಇಲ್ಲೇ ಈಗಲೇ ನಡೆಯುತ್ತಿದೆ. ಲೆಕ್ಕ ಕೇಳುವುದು ಅಪಮಾನ ಎಂದು ಸಮಿತಿಯವರು ಭಾವಿಸದಿರಲಿ, ಕೇಳುವುದು ಅಪಚಾರ ಎಂದು ಭಕ್ತರು ಹಿಂಜರಿಯದಿರಲಿ. ದೇವಸ್ಥಾನಗಳ ಬಿಡುಗಡೆ ಬಯಸುವವರಲ್ಲಿ ನನ್ನದೊಂದು ಕೋರಿಕೆ: ಬರುವ ಯುಗಾದಿಯಂದು ಪಂಚಾಂಗ ಶ್ರವಣ ಮುಗಿದ ಮೇಲೆ ನಿಮ್ಮ ಬೀದಿಯ ಗುಡಿಯ ಹಿಂದಿನ ವರ್ಷದ ಜಮಾಖರ್ಚನ್ನೂ ಓದಿಸಿ, ಅದರ ಪ್ರತಿಯನ್ನು ಹುಂಡಿಯ ಪಕ್ಕದ ಗೋಡೆಗೆ ಅಂಟಿಸಿ.